ಕೊನೆಯ ಬೋಲ್ಟಿನ ಹೊಣೆ ಯಾರದು?

ನಮ್ಮಲ್ಲಿ ಕ್ಯಾರವಾನ್ ಎಂದೊಡನೆ ಸಿನಿಮಾ ಚಿತ್ರೀಕರಣದ ಜಾಗದಲ್ಲಿ ತಾರೆಯರಿಗಾಗಿ ನಿಂತಿರುವ ಎ.ಸಿ. ಬಸ್ಸು ನೆನಪಾಗುತ್ತದೆ. ಬ್ರಿಟನ್ನಿನ ಕ್ಯಾರವಾನ್ ಬೇರೆಯೇ ಜಾತಿಯದು. ಅದಕ್ಕೆ ಎಂಜಿನ್ ಇಲ್ಲ. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಒಲೆ, ನೀರಿನ ವ್ಯವಸ್ಥೆ, ಶೌಚಾಲಯ ಎಲ್ಲವೂ ಉಂಟು. ಅಡಿಯಲ್ಲಿ ಮಾತ್ರ ಹೆಚ್ಚಿನವಕ್ಕೆ ಒಂದೇ ಆಕ್ಸಲ್, ಎರಡೇ ಚಕ್ರ. ಒಂದು, ಒಂದೂವರೆ ಟನ್ ಭಾರದ ಬಹುಪಾಲನ್ನು ಆ ಎರಡು ಚಕ್ರಗಳೇ ಹೊರಬೇಕು. ಇಂಥ ಗಾಡಿಗಳಲ್ಲಿ ಬಹಳ ಕಾಲದಿಂದ ಕೇಳಿಬರುವ ದೂರುಗಳ ಒಂದು ಗುಂಪಿದೆ: ಕೊಂಡ ಮೊದಲ ಋತುವಿನಲ್ಲೇ ಟೈರಿನ ಒಳ ಅಂಚು ಸವೆದುಹೋಗುವುದು, ಗಾಡಿ ಒಂದು ಬದಿಗೆ ತಗ್ಗಿ ನಿಲ್ಲುವುದು, ಬೇರಿಂಗ್ ಕಾದು ಹೊಗೆಯಾಡುವುದು, ಎಲ್ಲಕ್ಕಿಂತ ಭಯಂಕರವಾಗಿ ಓಡುವ ರಸ್ತೆಯಲ್ಲೇ ಚಕ್ರ ಕಳಚಿಹೋಗುವುದು. ಇದಕ್ಕೆ ಎರಡು ಸುಲಭ ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಕಾರ್ಖಾನೆಯ ಕೆಲಸಗಾರ ಅಸಡ್ಡೆ ಮಾಡಿದ ಎಂಬುದು ಒಂದು; ಕೊಂಡವನು ಅಳತೆ ಮೀರಿ ಸಾಮಾನು ತುಂಬಿದ ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಇನ್ನೂರು ವರ್ಷಗಳಿಗೂ ಹಿಂದಿನಿಂದ ಚಕ್ರ, ಅಚ್ಚು, ಸ್ಪ್ರಿಂಗುಗಳ ಚರಿತ್ರೆಯನ್ನು ನೋಡಿದರೆ ಬೇರೊಂದು ಕಾರಣ ಕಾಣುತ್ತದೆ. ಚಕ್ರ ಬಿಗಿದ ಕೈಗೆ ಆ ಚಕ್ರ ಮತ್ತೆ ಮರಳಿ ಬರುವ ಕಡೆ ಇಂಥ ದೋಷಗಳು ಬೇಗ ಸಿಕ್ಕಿಬೀಳುತ್ತವೆ. ಒಬ್ಬನ ಕೆಲಸ ಮುಗಿದು ಇನ್ನೊಬ್ಬನ ಕೆಲಸ ಶುರುವಾಗುವ ಸಂದಿಯಲ್ಲಿ, ಬಿಗಿದವನು ಆ ಗಾಡಿಯನ್ನು ಮತ್ತೆಂದೂ ಕಾಣದ ಏರ್ಪಾಟಿನಲ್ಲಿ, ಅವು ಬೇರೂರುತ್ತವೆ.

ಮೊದಲು ಟಪಾಲು ಬಂಡಿಗಳನ್ನು ನೋಡೋಣ. 1784ರ ಆಗಸ್ಟ್ 2ರಂದು ಜಾನ್ ಪಾಮರ್‌ನ ಪ್ರಯತ್ನದಿಂದ ಬ್ರಿಸ್ಟಲ್‌ನಿಂದ ಬಾತ್ ಮಾರ್ಗವಾಗಿ ಲಂಡನ್ನಿಗೆ ಮೊದಲ ಟಪಾಲು ಬಂಡಿ ಓಡಿತು. ಕೆಲವೇ ವರ್ಷಗಳಲ್ಲಿ ಬಂಡಿಗಳನ್ನು ಒದಗಿಸುವ ಕೆಲಸ ಜಾನ್ ಬೆಸಾಂಟ್‌ನ ಕೈಗೂ, ಅವನ ಪಾಲುದಾರ ಜಾನ್ ವಿಡ್ಲರ್‌ನ ಕೈಗೂ ಬಂತು. ಈ ಒಪ್ಪಂದದ ವಿಶೇಷ ಇರುವುದು ಬಂಡಿಯ ವಿನ್ಯಾಸದಲ್ಲಲ್ಲ, ಹಣ ಕೊಡುವ ರೀತಿಯಲ್ಲಿ. ಬಂಡಿಗಳನ್ನು ಮಾರುತ್ತಿರಲಿಲ್ಲ. ಓಡಿದ ಮೈಲಿಗೆ ಇಷ್ಟು ಎಂದು ಬಾಡಿಗೆಗೆ ಕೊಡುತ್ತಿದ್ದರು, ದುರಸ್ತಿಯೂ ಒದಗಿಸಿದವರದೇ. ಲಂಡನ್ ತಲುಪಿದ ಬಂಡಿ ಪ್ರಯಾಣಿಕರನ್ನೂ ಟಪಾಲನ್ನೂ ಇಳಿಸಿ ನೇರವಾಗಿ ಮಿಲ್‌ಬ್ಯಾಂಕಿನಲ್ಲಿದ್ದ ವಿಡ್ಲರ್‌ನ ಅಂಗಳಕ್ಕೆ ಹೋಗುತ್ತಿತ್ತು. ಅಲ್ಲಿ ತೊಳೆದು, ಎಣ್ಣೆ ಹಾಕಿ, ಅಚ್ಚು ಚಕ್ರಗಳನ್ನು ಪರೀಕ್ಷಿಸಿ ಸಂಜೆಯ ಓಟಕ್ಕೆ ಹೊರಡಿಸುತ್ತಿದ್ದರು. ನಮ್ಮ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಷ್ಟೇ ಸಾಮಾನ್ಯವಾದ ಈ ಕೆಲಸವನ್ನು ಇಲ್ಲಿ ದಿನದ ಕಟ್ಟಳೆಯಾಗಿ ಮಾಡಿದ್ದರು ಎಂಬುದೇ ದೊಡ್ಡ ಸಂಗತಿ. ಮುಂಜಾನೆ ಸಡಿಲವಾಗಿ ಬಂದ ಬೋಲ್ಟು ಅದನ್ನು ಬಿಗಿದ ಅಂಗಳಕ್ಕೇ ವಾಪಸು ಬರುತ್ತಿತ್ತು. ಬಂಡಿ ನಿಂತುಹೋದರೆ ನಷ್ಟ ವಿಡ್ಲರ್‌ನದು.

ಆ ಬಂಡಿಗಳ ಕಾಲದಲ್ಲಿ ಬಳಕೆಗೆ ಬಂದ 'ಮೇಲ್ ಆಕ್ಸಲ್' ಎಂಬ ಜೋಡಣೆಯನ್ನು ಹತ್ತಿರದಿಂದ ನೋಡಿದರೆ ಅವರು ಯಾವುದಕ್ಕೆ ಹೆದರುತ್ತಿದ್ದರು ಎಂಬುದು ತಿಳಿಯುತ್ತದೆ. ಸಾಧಾರಣ ಗಾಡಿಯಲ್ಲಿ ಚಕ್ರವನ್ನು ಅಚ್ಚಿನ ತುದಿಯಲ್ಲಿ ಹಿಡಿದಿಡುವುದು ಒಂದು ಕಡಾಣಿ. ಅದು ಉದುರಿದರೆ ಮುಗಿಯಿತು. ಮೇಲ್ ಆಕ್ಸಲ್‌ನಲ್ಲಿ ಅಚ್ಚಿನ ಬುಡದಲ್ಲಿ ಒಂದು ದಪ್ಪ ಬಳೆ, ಅದರ ಹಿಂದೆ ಒಂದು ತಟ್ಟೆ; ಚಕ್ರದ ಗುಂಬದ ಮೂಲಕ ಹಾದುಬಂದ ಮೂರು ಉದ್ದ ಬೋಲ್ಟುಗಳು ಆ ತಟ್ಟೆಗೆ ಕಚ್ಚಿಕೊಳ್ಳುತ್ತಿದ್ದವು. ಒಂದು ಬೋಲ್ಟು ಕೈಕೊಟ್ಟರೂ ಉಳಿದೆರಡು ಚಕ್ರವನ್ನು ಬಿಟ್ಟುಕೊಡುವುದಿಲ್ಲ. ಜೋಡಿಸುವವನ ಕೈ ಎಂದಾದರೊಂದು ದಿನ ತಪ್ಪುತ್ತದೆ ಎಂದು ಒಪ್ಪಿಕೊಂಡೇ ಮಾಡಿದ ಏರ್ಪಾಟು ಇದು. ಆ ಒಪ್ಪಿಗೆಯಲ್ಲಿ ಕೆಲಸಗಾರನ ಮೇಲೆ ಗೌರವವಿದೆ ಎಂದೇ ನನಗನಿಸುತ್ತದೆ.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ. ಟಪಾಲು ಬಂಡಿಗಳೇನು ಮುರಿಯಲಿಲ್ಲವೇ? ಮುರಿದವು. ಇಂಗ್ಲಿಷ್ ಕಾನೂನಿನ ವಿದ್ಯಾರ್ಥಿಗಳೆಲ್ಲ ಓದುವ ವಿಂಟರ್‌ಬಾಟಮ್ ಮತ್ತು ರೈಟ್ ಮೊಕದ್ದಮೆಯ ಮೂಲ ಅಂಥದೇ ಒಂದು ಅಪಘಾತ. 1836ರಲ್ಲಿ ವಿಡ್ಲರ್ ಮನೆತನದ ಗುತ್ತಿಗೆ ಕೊನೆಗೊಂಡಿತ್ತು. 1840ರ ಆಗಸ್ಟ್‌ನಲ್ಲಿ ಹಾಲಿಹೆಡ್‌ಗೆ ಹೋಗುವ ಟಪಾಲು ಬಂಡಿ ಒಳಗಿನ ದೋಷದಿಂದ ಮುರಿದುಬಿತ್ತು; ಸಾರಥಿ ವಿಂಟರ್‌ಬಾಟಮ್ ನೆಲಕ್ಕೆ ಎಸೆಯಲ್ಪಟ್ಟು ಜೀವನಪೂರ್ತಿ ಕುಂಟನಾದ. ಬಂಡಿಯನ್ನು ಒದಗಿಸಿ ಸುಸ್ಥಿತಿಯಲ್ಲಿಡುತ್ತೇನೆ ಎಂದು ರೈಟ್ ಒಪ್ಪಂದ ಮಾಡಿಕೊಂಡದ್ದು ಪೋಸ್ಟ್‌ಮಾಸ್ಟರ್ ಜನರಲ್ ಜೊತೆ. ಕುದುರೆಗಳನ್ನು ಒದಗಿಸುವ ಒಪ್ಪಂದ ಇನ್ನೊಬ್ಬನದು, ಸಾರಥಿ ಅವನ ನೌಕರ. 1842ರಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ಸಾರಥಿಗೂ ರೈಟ್‌ಗೂ ನಡುವೆ ಒಪ್ಪಂದವೇ ಇಲ್ಲ, ಆದ್ದರಿಂದ ದಾವೆಯೂ ಇಲ್ಲ. ಇಂಥ ದಾವೆಗೆ ಬಾಗಿಲು ತೆರೆದರೆ ದಾರಿಹೋಕರೂ ದಾವೆ ಹೂಡಿಯಾರು ಎಂಬುದು ನ್ಯಾಯಮೂರ್ತಿ ಲಾರ್ಡ್ ಅಬಿಂಜರ್‌ನ ಆತಂಕವಾಗಿತ್ತು. ಗುತ್ತಿಗೆದಾರ ಬದಲಾದದ್ದರಿಂದಲೇ ಬಂಡಿ ಮುರಿಯಿತೆಂದು ನಾನು ಹೇಳುತ್ತಿಲ್ಲ. ಅಷ್ಟು ಹೇಳಲು ಆಧಾರವಿಲ್ಲ. ಆದರೆ ಹೊಣೆ ಹಂಚಿಹೋಗುವ ಬಗೆಯನ್ನು ಈ ತೀರ್ಪು ಕನ್ನಡಿ ಹಿಡಿದಂತೆ ತೋರಿಸಿತು. ಬಂಡಿ ಒಬ್ಬನದು, ಕುದುರೆ ಮತ್ತೊಬ್ಬನದು, ಮೇಲಿನಿಂದ ಬಿದ್ದ ಮೈ ಮಾತ್ರ ಮೂರನೆಯವನದು. ಬೋಲ್ಟು ಬಿಗಿದವನಿಂದ ಬಿದ್ದವನವರೆಗೆ ಸುದ್ದಿಯಾಗಲಿ ನಷ್ಟವಾಗಲಿ ಹರಿಯುವ ದಾರಿಯನ್ನು ಕಾನೂನೇ ಮುಚ್ಚಿತು.

ಇದಕ್ಕೆ ತದ್ವಿರುದ್ಧ ಲೋಕವೊಂದು ಹಳ್ಳಿಯ ಬಡಗಿಶಾಲೆಯದು. ಸರ್ರೆ ಪ್ರಾಂತದ ಫಾರ್ನ್‌ಹ್ಯಾಮ್ ಪಟ್ಟಣದಲ್ಲಿ 1884ರಲ್ಲಿ ತಂದೆಯಿಂದ ಗಾಡಿ ಕಟ್ಟುವ ಶಾಲೆಯನ್ನು ವಹಿಸಿಕೊಂಡ ಜಾರ್ಜ್ ಸ್ಟರ್ಟ್ ಆ ಕಸುಬಿನ ಬಗ್ಗೆ 1923ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಗುಂಬಕ್ಕೆ ಎಲ್ಮ್ ಮರ, ಅರಗಳಿಗೆ ಓಕ್, ಹೊರಬಳೆಯ ತುಂಡುಗಳಿಗೆ ಆ್ಯಶ್. ಮೇಲೆ ಕಾಯಿಸಿ ತೊಡಿಸಿ ನೀರೆರೆದು ಬಿಗಿದ ಕಬ್ಬಿಣದ ಪಟ್ಟಿ. ಗಾಡಿಯ ಅಳತೆ ಆಯಾ ಊರಿನ ಮಣ್ಣು, ಗಾಲಿಜಾಡು, ಕುದುರೆಗಳಿಗೆ ತಕ್ಕ ಹಾಗೆ. ಅದಕ್ಕಿಂತ ನಮಗಿಲ್ಲಿ ಮುಖ್ಯವಾದದ್ದು ಗಿರಾಕಿ ಯಾರು ಎಂಬುದು. ಅವನು ನಾಲ್ಕು ಮೈಲಿ ಆಚೆಯ ರೈತ. ಚಕ್ರ ಸಡಿಲವಾದರೆ ಅದನ್ನು ಎಳೆದುಕೊಂಡು ಬಂದು ಅದೇ ಬಡಗಿಯ ಎದುರು ನಿಲ್ಲಿಸುತ್ತಾನೆ. ಹಾಗೆಂದು ಹಳೆಯ ಕಸುಬುದಾರರೆಲ್ಲ ಧರ್ಮರಾಯರಾಗಿದ್ದರು ಎಂದಲ್ಲ. ಹಸಿ ಮರ ಬಳಸಿದವರೂ, ಬಿರುಕಿಗೆ ಬಣ್ಣ ಬಳಿದವರೂ ಆ ಕಾಲದಲ್ಲಿ ಇದ್ದೇ ಇರುತ್ತಾರೆ. ಹಸಿ ಮರದ ಚಕ್ರ ಎರಡು ಬೇಸಗೆ ಕಳೆಯುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು ಎಂಬುದೇ ಅಲ್ಲಿನ ಕಾವಲು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದ 'ವಾಂಡರರ್' ಕೂಡ ಇದೇ ಲೋಕದ ಕೊನೆಯ ಕಾಲಕ್ಕೆ ಸೇರಿದ್ದು. ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಅದನ್ನು ಬ್ರಿಸ್ಟಲ್ ವ್ಯಾಗನ್ ಕಾರ್ಖಾನೆಯಲ್ಲಿ ತನಗಾಗಿಯೇ ಮಾಡಿಸಿದ. ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ರೈಲು ಡಬ್ಬಿ ಕಟ್ಟಿ ಪಳಗಿದ ಒಂದೇ ಕಾರ್ಖಾನೆ ಚಕ್ರದಿಂದ ಚಾವಣಿಯವರೆಗೆ ಕಟ್ಟಿದ ಗಾಡಿ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೂ ಹೋಯಿತು.

ಮೋಟಾರು ಯುಗ ಬಂದಾಗ ಸಂದಿ ಅಗಲವಾಯಿತು. ಇದರ ಮೊದಲ ದೊಡ್ಡ ಸಾಕ್ಷ್ಯ ಕ್ಯಾರವಾನಿನದಲ್ಲ, ಅಮೆರಿಕದ ಒಂದು ಕಾರಿನದು. ಕಲ್ಲುಕುಟಿಗ ಡೊನಾಲ್ಡ್ ಮ್ಯಾಕ್‌ಫರ್ಸನ್ ಮಾರಾಟಗಾರನೊಬ್ಬನಿಂದ ಕೊಂಡ ಬ್ಯೂಕ್ ಕಾರಿನ ಮರದ ಚಕ್ರ ಓಡುವಾಗಲೇ ಕುಸಿಯಿತು, ಅವನಿಗೆ ಗಾಯವಾಯಿತು. ಚಕ್ರವನ್ನು ಮಾಡಿದ್ದು ಬ್ಯೂಕ್ ಅಲ್ಲ, ಇಂಪೀರಿಯಲ್ ವೀಲ್ ಕಂಪನಿ. ಆ ಕಂಪನಿಯಿಂದ ತಾನು 80,000 ಚಕ್ರ ಕೊಂಡಿದ್ದೇನೆ, ಯಾವುದೂ ಹೀಗಾಗಿರಲಿಲ್ಲ ಎಂಬುದು ಬ್ಯೂಕ್ ಪರವಾಗಿದ್ದ ವಾದ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಅದನ್ನು ಒಪ್ಪಲಿಲ್ಲ. ಬಿಡಿಭಾಗಗಳನ್ನು ಜೋಡಿಸಿ ತನ್ನ ಹೆಸರಿನಲ್ಲಿ ಹೊರಬಿಡುವವನಿಗೆ ಸಿದ್ಧವಾದ ಗಾಡಿಯನ್ನು ಪರೀಕ್ಷಿಸುವ ಕರ್ತವ್ಯವಿದೆ, ಆ ಕರ್ತವ್ಯ ನಡುವಿನ ಮಾರಾಟಗಾರನನ್ನು ದಾಟಿ ಬಳಸುವವನವರೆಗೂ ಹೋಗುತ್ತದೆ ಎಂದರು. ವಿಂಟರ್‌ಬಾಟಮ್ ತೀರ್ಪಿನ ಹಿಡಿತ ಸಡಿಲಾದದ್ದು ಹೀಗೆ, ಒಂದು ಚಕ್ರದ ನೆಪದಲ್ಲೇ. ಬ್ರಿಟನ್ನಿನಲ್ಲಿ ಇದೇ ಮಾತು ಸ್ಥಿರವಾಗಲು 1932ರ ಡೊನೊಹ್ಯೂ ಮೊಕದ್ದಮೆಯವರೆಗೆ ಕಾಯಬೇಕಾಯಿತು. ಕಾರ್ಡೋಜೊ ಬೆರಳಿಟ್ಟು ತೋರಿಸಿದ್ದು ಜೋಡಿಸುವವನನ್ನು ಎಂಬುದು ನನ್ನ ವಾದಕ್ಕೆ ಬಹಳ ಬೇಕಾದ ಸಂಗತಿ. ಚಕ್ರ ಮಾಡಿದವನ ತಪ್ಪು ಇತ್ತು, ನಿಜ. ಅದನ್ನು ಹಿಡಿಯಲು ಸಾಧ್ಯವಿದ್ದ ಕೊನೆಯ ಕೈ ಜೋಡಿಸುವವನದು.

ಇನ್ನು ಕ್ಯಾರವಾನ್ ಉದ್ಯಮಕ್ಕೆ ಬರೋಣ. 1919ರಲ್ಲಿ ರೈಲಿ ತಂದೆ ಮಗ ಬರ್ಮಿಂಗ್‌ಹ್ಯಾಮಿನ ಎಕ್ಲ್ಸ್ ಸಂಸ್ಥೆಯನ್ನು ಕೊಂಡು ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್‌ಗಳಿಗೆ ಕೈ ಹಾಕಿದರು. 1927ರಲ್ಲಿ ಸ್ಟರ್ಚ್‌ಲಿಯಲ್ಲಿ ಅದಕ್ಕೆಂದೇ ಕಾರ್ಖಾನೆ ಎದ್ದಿತು. ಯುದ್ಧಾನಂತರ ಸ್ಯಾಮ್ ಆಲ್ಪರ್ ಈ ಗಾಡಿಯನ್ನು ಸಾಮಾನ್ಯ ಸಂಬಳದಾರನ ಕೈಗೆಟಕಿಸಿದ. 1949ರಲ್ಲಿ ಬಂದ ಅವನ 'ಸ್ಪ್ರೈಟ್' ಬೆಲೆ 199 ಪೌಂಡ್. ಮೆಡಿಟರೇನಿಯನ್ ಸುತ್ತಮುತ್ತಲ ಕೆಟ್ಟ ರಸ್ತೆಗಳಲ್ಲಿ ಸುಮಾರು 10,000 ಮೈಲಿ ಎಳೆದೊಯ್ದು ಅದರ ಗಟ್ಟಿತನವನ್ನು ಲೋಕಕ್ಕೆ ತೋರಿಸಿದ. ಆಲ್ಪರ್‌ನ ಉತ್ಸಾಹಕ್ಕೆ ತಲೆಬಾಗಲೇಬೇಕು. ಆದರೂ ಆ ಪ್ರಯಾಣ ಏನನ್ನು ಸಾಬೀತು ಮಾಡಿತು ಎಂದು ಕೇಳಿಕೊಳ್ಳಬೇಕು. ವಿನ್ಯಾಸ ಸರಿ ಇದೆಯೆಂಬುದನ್ನು ಒಂದು ಗಾಡಿ ಓಡಿಸಿ ತೋರಿಸಬಹುದು. ಜೋಡಣೆ ಸರಿ ಇದೆಯೆಂಬುದನ್ನು ಹಾಗೆ ತೋರಿಸಲು ಬರುವುದಿಲ್ಲ. ಅದು ಒಂದೊಂದು ಗಾಡಿಯಲ್ಲೂ ಹೊಸದಾಗಿ ಸರಿಯಾಗಬೇಕು, ಹೊಸದಾಗಿ ತಪ್ಪಲೂಬಹುದು. ಮಾರುಕಟ್ಟೆಯಾದರೋ ಮೊದಲಿನ ಸಾಬೀತನ್ನು ಎರಡನೆಯದಕ್ಕೂ ಸಾಕು ಎಂದುಕೊಂಡಿತು.

ಮುಂದೆ ಉದ್ಯಮದ ಕೇಂದ್ರ ಈಸ್ಟ್ ಯಾರ್ಕ್‌ಷೈರಿನ ಹಲ್ ಬಂದರಿನ ಸುತ್ತ ನೆಲೆಸಿತು. ಮರ ಇಳಿಯುವ ಬಂದರು, ಬಡಗಿ ಕೆಲಸ ಬಲ್ಲ ಜನ; ವಿಲ್ಲರ್‌ಬಿ 1946ರಲ್ಲಿ, ಕಾಟಿಂಗ್‌ಹ್ಯಾಮಿನ ಸ್ವಿಫ್ಟ್ 1964ರಲ್ಲಿ ಶುರುವಾದವು. ಇಲ್ಲಿ ಗಮನಿಸಬೇಕಾದದ್ದು, ಈ ಊರುಗಳ ನೈಪುಣ್ಯವೆಲ್ಲ ಮೇಲಿನ ಮನೆಯದು: ಗೋಡೆ, ಕಪಾಟು, ಹಾಸಿಗೆ, ಕಿಟಕಿ. ಕೆಳಗಿನ ಚಾಸಿ ಬರುವುದು ಬೇರೆಯವರಿಂದ. ಬವೇರಿಯಾದಲ್ಲಿ ಅಲೋಯಿಸ್ ಕೋಬರ್ 1931ರಲ್ಲಿ ಆರಂಭಿಸಿದ ಆಲ್-ಕೋ ಸಂಸ್ಥೆಯ ಸತು ಲೇಪಿಸಿದ ಹಗುರ ಚಾಸಿಗಳು 1980ರ ದಶಕದಿಂದೀಚೆಗೆ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಮನೆಮಾತಾದವು. ಮೊದಲು ಚಾಸಿ, ಅದರ ಮೇಲೆ ನೆಲದ ಹಲಗೆ, ಅದರ ಮೇಲೆ ಕಪಾಟು ಹಾಸಿಗೆಗಳು, ಆಮೇಲೆ ಗೋಡೆ, ಕೊನೆಗೆ ಚಾವಣಿ ಎನ್ನುವುದು ಕಟ್ಟುವ ಕ್ರಮ. ಅಂದರೆ ಆಕ್ಸಲ್ಲಿನ ಕೆಲಸ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಆಮೇಲೆ ಬರುವ ಪ್ರತಿಯೊಬ್ಬನೂ ಅದರ ಮೇಲೆ ಭಾರ ಹೇರುತ್ತಾನೆ, ಪ್ರತಿಯೊಬ್ಬನೂ ಅದನ್ನು ಕಣ್ಣಿನಿಂದ ಇನ್ನಷ್ಟು ಮರೆಮಾಡುತ್ತಾನೆ. ಕೊಳ್ಳಲು ಬಂದ ದಂಪತಿ ಪರದೆಯ ಬಣ್ಣ ನೋಡುತ್ತಾರೆ, ಒಲೆ ಹೊತ್ತಿಸಿ ನೋಡುತ್ತಾರೆ. ಬಗ್ಗಿ ಅಡಿಯನ್ನು ನೋಡುವವರು ಎಷ್ಟು ಜನ?

ಇದರ ಮೇಲೆ ಋತುಮಾನದ ಒತ್ತಡ. ಚಳಿಗಾಲ ಕಳೆದು ಬೇಸಗೆ ಬರುವುದರೊಳಗೆ ಮಾರಬೇಕಾದ ಸರಕು ಇದು. ಸಾಲದ್ದಕ್ಕೆ ಸರ್ಕಾರದ ತೆರಿಗೆ. 1973ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ವ್ಯಾಟ್ ಜಾರಿಗೆ ಬಂದು ಕ್ಯಾರವಾನ್ ಮೇಲೆ ಶೇ. 10 ಬಿತ್ತು, ವರ್ಷದ ಕೊನೆಗೆ ತೈಲ ಬಿಕ್ಕಟ್ಟು. 1975ರಲ್ಲಿ ಅದನ್ನು ಐಷಾರಾಮಿ ವಸ್ತುಗಳ ಸಾಲಿಗೆ ಸೇರಿಸಿ ಶೇ. 25ಕ್ಕೆ ಏರಿಸಿದರು, ಮರುವರ್ಷ ಶೇ. 12.5ಕ್ಕೆ ಇಳಿಸಿದರು. ಸ್ಪ್ರೈಟ್ ಮತ್ತು ಎಕ್ಲ್ಸ್ ಒಂದಾಗಿ ಬೆಳೆದಿದ್ದ ಕ್ಯಾರವಾನ್ಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಮೂಹವೇ 1982ರಲ್ಲಿ ಕುಸಿಯಿತು. ಹೀಗೆ ಏರಿಳಿಯುವ ಉದ್ಯಮದಲ್ಲಿ ಕಾರ್ಖಾನೆ ಒಮ್ಮೆ ಜನರನ್ನು ಮನೆಗೆ ಕಳಿಸುತ್ತದೆ, ಮತ್ತೊಮ್ಮೆ ಅವಸರದಲ್ಲಿ ಕರೆಸಿಕೊಳ್ಳುತ್ತದೆ. ಎಷ್ಟು ಬಿಗಿದರೆ ಸರಿ ಎಂಬ ಕೈಯ ನೆನಪು ಹೀಗೆ ಬಿಟ್ಟು ಬಿಟ್ಟು ಮಾಡುವ ಕೆಲಸದಲ್ಲಿ ಉಳಿಯುವುದಿಲ್ಲ.

ಆ 'ಎಷ್ಟು' ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಪ್ರಶ್ನೆ ನಿಂತಿರುವುದು ಅದರ ಮೇಲೆ. ಬೋಲ್ಟು ಚಕ್ರವನ್ನು ಮೊಳೆಯಂತೆ ಸುಮ್ಮನೆ ಹಿಡಿದಿರುವುದಿಲ್ಲ. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಆ ಸೆಳೆತವೇ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ನಡುವೆ ಬಣ್ಣದ ಪದರವೋ ದೂಳೋ ಇದ್ದರೆ ಕೆಲವು ಮೈಲಿ ಓಡುವುದರೊಳಗೆ ಅದು ನುಗ್ಗಾಗಿ ಸೆಳೆತ ಇಳಿಯುತ್ತದೆ. ಹೊಸದಾಗಿ ನವಾರು ಬಿಗಿದ ಮಂಚವನ್ನು ನಾಲ್ಕು ರಾತ್ರಿ ಮಲಗಿದ ಮೇಲೆ ಇನ್ನೊಮ್ಮೆ ಎಳೆದು ಕಟ್ಟಬೇಕಾಗುವ ಹಾಗೆ, ಹೊಸ ಚಕ್ರದ ಬೋಲ್ಟುಗಳನ್ನು ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ ವ್ರೆಂಚ್ ಹಾಕಿ ನೋಡಬೇಕು. ಲೀಫ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಉಕ್ಕಿನ ಪಟ್ಟಿಗಳ ಕಟ್ಟನ್ನು ಆಕ್ಸಲ್ಲಿಗೆ ಅಪ್ಪಿ ಹಿಡಿಯುವುದು ಯು-ಬೋಲ್ಟುಗಳು. ಕಟ್ಟಿನ ನಡುವಿನ ಬೋಲ್ಟಿನ ತಲೆ ಆಕ್ಸಲ್ಲಿನ ಪೀಠದಲ್ಲಿರುವ ತೂತಿನಲ್ಲಿ ಕೂರಬೇಕು. ಅದು ತೂತಿನ ಅಂಚಿನ ಮೇಲೆ ಕುಳಿತಾಗಲೂ ಯು-ಬೋಲ್ಟು ಬಿಗಿಯಾದಂತೆಯೇ ಕಾಣುತ್ತದೆ. ರಸ್ತೆಯ ಮೊದಲ ದೊಡ್ಡ ಗುಂಡಿಯಲ್ಲಿ ಆಕ್ಸಲ್ ಒಂದು ಬದಿಗೆ ಜರುಗುತ್ತದೆ, ಗಾಡಿ ಏಡಿಯಂತೆ ಓರೆಯಾಗಿ ಸಾಗುತ್ತದೆ, ಟೈರು ಸವೆಯುತ್ತದೆ. ಮುಂದಿನ ಕೊಂಡಿಯಿಂದ ಆಕ್ಸಲ್ಲಿನ ಎರಡೂ ತುದಿಗಳಿಗೆ ಟೇಪು ಹಿಡಿದು ಅಳೆದರೆ ಐದೇ ನಿಮಿಷದಲ್ಲಿ ತಿಳಿಯುವ ತಪ್ಪು ಇದು. ರಬ್ಬರ್ ಆಕ್ಸಲ್ಲಿನಲ್ಲಿ ಪಟ್ಟಿಗಳಿಲ್ಲ. ಕೊಳವೆಯೊಳಗೆ ರಬ್ಬರ್ ಹುರಿಗಳು, ತೋಳು ತಿರುಗಿದಂತೆ ಅವು ಹಿಂಡಿಕೊಂಡು ಕುಲುಕನ್ನು ಹೀರುತ್ತವೆ. ಅಲ್ಲಿ ಎರಡೂ ಬದಿಯ ತೋಳುಗಳ ಕೋನ ಒಂದೇ ಇರಬೇಕು.

ಬೇರಿಂಗಿನ ಕಥೆ ಇನ್ನೂ ಸ್ವಾರಸ್ಯದ್ದು. ಹಿಂದೆ ಕೋನಾಕಾರದ ಬೇರಿಂಗುಗಳಿಗೆ ಕೈಯಿಂದ ಗ್ರೀಸು ತುಂಬಿ, ನಟ್ಟನ್ನು ಬಿಗಿದು, ಚಕ್ರ ತಿರುಗಿಸಿ ನೋಡಿ, ಚೂರು ಸಡಿಲಿಸಿ ಪಿನ್ನು ಹಾಕುತ್ತಿದ್ದರು. ಎಷ್ಟು ಸಡಿಲಿಸಬೇಕೆಂಬುದು ಕೈಗೆ ಗೊತ್ತಿರುವ ವಿಷಯ. ಹೆಚ್ಚು ಬಿಗಿದರೆ ಕಾಯುತ್ತದೆ, ಸಡಿಲ ಬಿಟ್ಟರೆ ಅಲುಗಾಡುತ್ತದೆ. 1990ರ ದಶಕದಲ್ಲಿ ಸೀಲು ಹಾಕಿದ ಬೇರಿಂಗುಗಳು ಬಂದಾಗ ಆ ಕೈಚಳಕ ಬೇಡವಾಯಿತು. ಬದಲಿಗೆ ಒಮ್ಮೆ ಮಾತ್ರ ಬಳಸಬೇಕಾದ ಒಂದು ದೊಡ್ಡ ನಟ್ಟು. ಆಲ್-ಕೋ ಆಕ್ಸಲ್ಲಿನಲ್ಲಿ ಅದನ್ನು 290 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಬಿಚ್ಚಿದರೆ ಎಸೆದು ಹೊಸದು ಹಾಕಬೇಕು. ಕಾರ್ಖಾನೆಯ ಜೋಡಣೆ ಹಳೆಯ ಕೈಗಿಂತ ನಿಖರ ಎನ್ನುವವರಿಗೆ ಇದು ಒಳ್ಳೆಯ ಪುರಾವೆ, ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಬಿಡಿಭಾಗದ ಮಟ್ಟಿಗೆ ಇಂದಿನ ಆಕ್ಸಲ್ ಸ್ಟರ್ಟ್‌ನ ಯಾವ ಚಕ್ರಕ್ಕಿಂತಲೂ ಮೇಲು. ಆದರೆ ನಿಖರತೆಯ ಬೆಲೆಯೇ ಇಲ್ಲಿದೆ. ಹಳೆಯ ನಟ್ಟು ತಪ್ಪಿದರೆ ತಿಳಿದವನು ಚಕ್ರ ಅಲ್ಲಾಡಿಸಿ ಕಂಡುಹಿಡಿಯುತ್ತಿದ್ದ. ಹೊಸ ನಟ್ಟು 290ಕ್ಕೆ ಬಿಗಿಯಾಗಿದೆಯೋ 200ಕ್ಕೋ ಎಂಬುದು ಹೊರಗಿನಿಂದ ನೋಡಿದ ಯಾರಿಗೂ ಕಾಣದು. ಅದು ಗೊತ್ತಿದ್ದದ್ದು ಬಿಗಿದವನಿಗೆ, ಅಥವಾ ಅವನ ಉಪಕರಣ ಬರೆದಿಟ್ಟ ಲೆಕ್ಕಕ್ಕೆ ಮಾತ್ರ.

ಮಾಲೀಕರು ಹೆಚ್ಚು ಹೇರುತ್ತಾರೆ ಎಂಬ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಅದು ಸುಳ್ಳಲ್ಲ. ಎಷ್ಟೋ ಮಾದರಿಗಳಲ್ಲಿ ಬಟ್ಟೆ, ಪಾತ್ರೆ, ಬ್ಯಾಟರಿ, ಗ್ಯಾಸ್ ಸಿಲಿಂಡರು ಎಲ್ಲ ಸೇರಿ ತುಂಬಲು ಬಿಟ್ಟಿರುವ ಅವಕಾಶ ನೂರೈವತ್ತು ಕಿಲೋ ಆಸುಪಾಸು; ಒಂದು ಸಂಸಾರ ಅದನ್ನು ಮೀರುವುದು ಕಷ್ಟವೇನಲ್ಲ. ಆದರೆ ಭಾರದ ದೋಷಕ್ಕೂ ಜೋಡಣೆಯ ದೋಷಕ್ಕೂ ಗುರುತು ಬೇರೆ. ಭಾರ ಎರಡೂ ಬದಿಯನ್ನು ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತದೆ, ವರ್ಷಗಳ ಮೇಲೆ ತೋರಿಕೊಳ್ಳುತ್ತದೆ. ಜೋಡಣೆಯ ದೋಷ ಸಾಮಾನ್ಯವಾಗಿ ಒಂದೇ ಬದಿಯಲ್ಲಿ, ಬೇಗನೆ, ಬಹುಮಟ್ಟಿಗೆ ಮೊದಲ ಪ್ರಯಾಣಗಳಲ್ಲೇ ಕಾಣಿಸಿಕೊಳ್ಳುತ್ತದೆ. ರಸ್ತೆಯನ್ನು ದೂರುವ ವಾದವೂ ಹೀಗೆಯೇ ಸೋಲುತ್ತದೆ. 1959ರಲ್ಲಿ ಎಂ-1 ಹೆದ್ದಾರಿ ತೆರೆದ ಮೇಲೆ ಬ್ರಿಟನ್ನಿನ ರಸ್ತೆ ಸುಧಾರಿಸುತ್ತಲೇ ಹೋಯಿತು. ದೋಷ ರಸ್ತೆಯದೇ ಆಗಿದ್ದರೆ ದೂರುಗಳು ಅಷ್ಟರಮಟ್ಟಿಗೆ ಕರಗಬೇಕಿತ್ತು. ಕೆಲಸಗಾರನ ಅಸಡ್ಡೆ ಎಂಬ ವಾದವನ್ನು ನಾನು ಒಪ್ಪದಿರುವುದು ಕನಿಕರದಿಂದಲ್ಲ. ಒಂದೇ ಮನುಷ್ಯ ವಿಡ್ಲರ್‌ನ ಅಂಗಳದಲ್ಲಿದ್ದರೆ ಅವನ ತಪ್ಪು ಮರುದಿನ ಮುಂಜಾನೆ ಅವನೆದುರು ನಿಲ್ಲುತ್ತಿತ್ತು. ಹಲ್‌ನ ಕಾರ್ಖಾನೆಯಲ್ಲಿ ಅವನ ತಪ್ಪು ಕಾರ್ನ್‌ವಾಲಿನ ಯಾವುದೋ ಇಳಿಜಾರಿನಲ್ಲಿ, ತಿಂಗಳುಗಳ ನಂತರ, ಬೇರೆಯವರ ಮುಂದೆ ಬಯಲಾಗುತ್ತದೆ.

ಕಾನೂನು ಈ ಅಂತರವನ್ನು ಅರ್ಧ ಮಾತ್ರ ತುಂಬಿದೆ. 1987ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ವಸ್ತುವಿನಿಂದ ಮೈಗೆ ಪೆಟ್ಟಾದರೆ ತಯಾರಕನೇ ಹೊಣೆ. ಅಸಡ್ಡೆಯನ್ನು ಸಾಬೀತು ಮಾಡಬೇಕಿಲ್ಲ. ವಿಂಟರ್‌ಬಾಟಮ್ ಅಂದು ಕೇಳಿದ್ದು ಹೀಗೆ ಅವನ ಮರಿಮಕ್ಕಳ ಕಾಲದಲ್ಲಿ ದಕ್ಕಿತು. ಆದರೆ ಅದೇ ಕಾಯಿದೆ ದೋಷವಿರುವ ವಸ್ತುವಿಗೇ ಆದ ಹಾನಿಯನ್ನು ಹೊರಗಿಟ್ಟಿದೆ. ಚಕ್ರ ಕಳಚಿ ಯಾರಿಗಾದರೂ ಬಡಿದರೆ ಕಾರ್ಖಾನೆಯವರೆಗೆ ದಾರಿಯಿದೆ. ಆಕ್ಸಲ್ ಓರೆ ಕುಳಿತು ಟೈರು ಸವೆದರೆ ಗಿರಾಕಿ ಹೋಗಬೇಕಾದದ್ದು ಮಾರಿದವನ ಬಳಿಗೆ. ಮಾರಾಟಗಾರ ಟೈರು ಬದಲಿಸುತ್ತಾನೆ, ಆಕ್ಸಲ್ ನೇರ ಮಾಡುತ್ತಾನೆ, ಲೆಕ್ಕ ಕಳಿಸುತ್ತಾನೆ. ಆ ಲೆಕ್ಕ ತಲುಪುವುದು ಗುಮಾಸ್ತರ ಮೇಜನ್ನು, ಸ್ಪ್ಯಾನರ್ ಹಿಡಿದವನನ್ನಲ್ಲ. ದೊಡ್ಡ ಅಪಘಾತಕ್ಕೆ ಮುನ್ಸೂಚನೆಯಾಗಬಲ್ಲ ಚಿಕ್ಕ ದೋಷಗಳೇ ಹೀಗೆ ನಡುದಾರಿಯಲ್ಲಿ ಕಳೆದುಹೋಗುತ್ತವೆ. 2010ರ ದಶಕದಲ್ಲಿ ಯುರೋಪಿನ ಮಾದರಿ ಅನುಮೋದನೆಯ ನಿಯಮ ಕ್ಯಾರವಾನ್‌ಗಳಿಗೂ ಕಡ್ಡಾಯವಾಗಿ, ಅನುಮೋದನೆ ಪಡೆದ ಮಾದರಿಯಂತೆಯೇ ಪ್ರತಿಯೊಂದು ಗಾಡಿಯೂ ತಯಾರಾಗುತ್ತಿದೆ ಎಂದು ಕಾರ್ಖಾನೆ ದಾಖಲೆ ಸಹಿತ ತೋರಿಸಬೇಕಾಯಿತು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೂ ಆ ದಾಖಲೆ ಕಾರ್ಖಾನೆಯ ಕಪಾಟಿನಲ್ಲಿರುತ್ತದೆ. ಗಿರಾಕಿಯ ಕೈಗೆ ಬರುವುದು ಮೊದಲ 50 ಕಿಲೋಮೀಟರಿನ ನಂತರ ಬೋಲ್ಟುಗಳನ್ನು ನೀವೇ ಬಿಗಿದುಕೊಳ್ಳಿ ಎಂಬ ಸೂಚನೆಯ ಪುಸ್ತಕ. ಅಂದರೆ ಜೋಡಣೆಯ ಕೊನೆಯ ಹಂತವನ್ನು ಟಾರ್ಕ್ ವ್ರೆಂಚ್ ಎಂದೂ ಮುಟ್ಟದಿರಬಹುದಾದ ಒಬ್ಬ ಶಾಲಾ ಮಾಸ್ತರಿಗೋ ನರ್ಸಮ್ಮನಿಗೋ ವಹಿಸಲಾಗಿದೆ. ಆ ಪುಸ್ತಕದ ಜೊತೆ ಇನ್ನೊಂದು ಹಾಳೆ ಸೇರಿಸುವುದು ದೊಡ್ಡ ಖರ್ಚಲ್ಲ: ಎರಡೂ ಹಬ್ಬಿನ ನಟ್ಟು ಎಷ್ಟಕ್ಕೆ ಬಿಗಿಯಾಯಿತು, ಕೊಂಡಿಯಿಂದ ಆಕ್ಸಲ್ಲಿನ ಎರಡು ತುದಿಗಳ ಅಳತೆ ಎಷ್ಟು, ಅಳೆದವರ ಕೆಲಸದ ಸಂಖ್ಯೆ ಯಾವುದು. ಮಾರಾಟಗಾರ ರಿಪೇರಿ ಮಾಡಿದಾಗ ತಾನು ಕಂಡ ಅಳತೆಯನ್ನು ಅದೇ ಹಾಳೆಯಲ್ಲಿ ಬರೆದು ಅದೇ ಸಂಖ್ಯೆಗೆ ಕಳಿಸಬೇಕು.